ಬಿಡದ ನಗು: ಕ್ರೇಜಿ ಮೋಹನ್ ಎಂಬ ಮಾತಿನ ಎಂಜಿನಿಯರ್



ಕರ್ನಾಟಕದಿಂದ ಚೆನ್ನೈಗೆ ಬಂದ ಹೊಸತರಲ್ಲಿ ನಿಮಗೂ ಹೀಗಾಗಿರಬೇಕು. ಸಭಾದಲ್ಲಿ ನಾಟಕ ನಡೆಯುತ್ತಿರುತ್ತದೆ, ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ, ನಾವು ಮಾತ್ರ ಪಕ್ಕದವರ ಮುಖ ನೋಡುತ್ತಾ ಕೂತಿರುತ್ತೇವೆ! ನನ್ನ ಪಾಲಿಗೆ ಆ ನಾಟಕ ‘ಚಾಕ್ಲೇಟ್ ಕೃಷ್ಣ’. ಬರೆದವರು ಕ್ರೇಜಿ ಮೋಹನ್, ಕೃಷ್ಣನ ವೇಷದಲ್ಲಿ ನಿಂತವರೂ ಅವರೇ. ಒಂದು ಜೋಕು ಅರ್ಥವಾಗಿ ನಾನು ನಗುವಷ್ಟರಲ್ಲಿ ಸಭೆ ಮೂರನೇ ಜೋಕಿಗೆ ಚಪ್ಪಾಳೆ ತಟ್ಟುತ್ತಿತ್ತು. ಈ ಭಾಷೆಯ ನಗು ನನಗೆ ದಕ್ಕುವುದು ಯಾವಾಗ ಎಂದು ಅಂದು ಸ್ವಲ್ಪ ಬೇಸರವೇ ಆಗಿತ್ತು.

ಮೋಹನ್ ರಂಗಾಚಾರಿ ಹುಟ್ಟಿದ್ದು 1952ರ ಅಕ್ಟೋಬರ್ 16ರಂದು. ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಸುಂದರಂ ಕ್ಲೇಟನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಹಗಲು ಕಾರ್ಖಾನೆ, ಸಂಜೆ ನಾಟಕ. 1976ರಲ್ಲಿ ಎಸ್.ವಿ. ಶೇಖರ್ ಅವರ ‘ನಾಟಕಪ್ರಿಯಾ’ ತಂಡಕ್ಕೆ ‘ಕ್ರೇಜಿ ಥೀವ್ಸ್ ಇನ್ ಪಾಲವಾಕ್ಕಂ’ ಬರೆದುಕೊಟ್ಟರು. ನಾಟಕ ಗೆದ್ದಿತು, ‘ಕ್ರೇಜಿ’ ಎಂಬುದು ಅವರ ಹೆಸರಿಗೇ ಅಂಟಿಕೊಂಡಿತು. 1979ರಲ್ಲಿ ತಮ್ಮದೇ ತಂಡ ‘ಕ್ರೇಜಿ ಕ್ರಿಯೇಷನ್ಸ್’ ಕಟ್ಟಿದರು. ಅವರ ‘ಮ್ಯಾರೇಜ್ ಮೇಡ್ ಇನ್ ಸಲೂನ್’ ನಾಟಕವನ್ನು ಕೆ. ಬಾಲಚಂದರ್ 1983ರಲ್ಲಿ ‘ಪೊಯ್ಕ್ಕಾಲ್ ಕುದಿರೈ’ ಎಂಬ ಸಿನಿಮಾ ಮಾಡಿದರು. ಮುಂದೆ ಮೋಹನ್ ತಿಂಗಳ ಸಂಬಳದ ಕೆಲಸ ಬಿಟ್ಟು ಬರವಣಿಗೆಯನ್ನೇ ನಂಬಿದರು. ಮಧ್ಯಮ ವರ್ಗದ ಮನೆಯಲ್ಲಿ ಇದೇನು ಸಣ್ಣ ಧೈರ್ಯವೇ, ನೀವೇ ಹೇಳಿ!

ಈಗ ‘ಸಿಟ್‌ಕಾಮ್’ ವಿಷಯಕ್ಕೆ ಬರೋಣ. ನಮ್ಮ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೆನಪಿಸಿಕೊಳ್ಳಿ. ಅದೇ ಮನೆ, ಅದೇ ಜನ, ದಿನಕ್ಕೊಂದು ಹೊಸ ಎಡವಟ್ಟು. ಜನರ ಪರಿಚಯ ಮೊದಲೇ ಇರುವುದರಿಂದ ನಗು ಬೇಗ ಬರುತ್ತದೆ. ಚೆನ್ನೈನಲ್ಲಿ ಈ ಗುಟ್ಟು ಸಭಾ ನಾಟಕಗಳಿಗೆ ಮೊದಲೇ ಗೊತ್ತಿತ್ತು. ಮೋಹನ್ ನಾಟಕಗಳಲ್ಲಿ ನಾಯಕ ಸಾಮಾನ್ಯವಾಗಿ ‘ಮಾದು’. ಆ ಪಾತ್ರ ಮಾಡಿ ಮಾಡಿ ಅವರ ತಮ್ಮ ಮಾದು ಬಾಲಾಜಿಯೇ ಆಗಿಹೋದರು. ನಾಯಕಿಯ ಹೆಸರು ಜಾನಕಿ. ಅದು ಬಾಲ್ಯದಲ್ಲಿ ತಮಗೆ ನಾಟಕದ ರುಚಿ ಹತ್ತಿಸಿದ ಟೀಚರ್ ಹೆಸರು! ಗುರುದಕ್ಷಿಣೆ ಹೀಗೂ ಕೊಡಬಹುದು ನೋಡಿ.

ಕಿರುತೆರೆಗೂ ಅವರು ಇದೇ ಸಾಮಾನು ಹೊತ್ತು ಬಂದರು. ಜಯಾ ಟಿವಿಯ ಅವರ ಧಾರಾವಾಹಿಯ ಹೆಸರು ‘ವಿಡಾದು ಸಿರಿಪ್ಪು’. 1990ರ ದಶಕದಲ್ಲಿ ತಮಿಳು ಮನೆಗಳನ್ನು ಹೆದರಿಸಿದ್ದ ‘ವಿಡಾದು ಕರುಪ್ಪು’ ಗೊತ್ತಿದ್ದವರಿಗೆ ಶೀರ್ಷಿಕೆಯಲ್ಲೇ ನಗು. ತಮಿಳಿನ ‘ವಿಡಾದು’ ನಮ್ಮ ‘ಬಿಡದು’ ತಾನೇ? ಅಲ್ಲಿ ಬಿಡದೆ ಕಾಡಿದ್ದು ಕರುಪ್ಪು ದೇವರು, ಇಲ್ಲಿ ಬಿಡದೆ ಕಾಡುವುದು ನಗು.

ಅವರ ಸಂಭಾಷಣೆಯ ಯಂತ್ರ ಸರಳ. ಒಬ್ಬನ ಮಾತಿನ ಕೊನೆಯ ಪದವನ್ನು ಇನ್ನೊಬ್ಬ ಹಿಡಿದು ಬೇರೆ ಅರ್ಥಕ್ಕೆ ತಿರುಗಿಸುತ್ತಾನೆ, ಮೂರನೆಯವನು ಅದನ್ನೇ ನಿಜವೆಂದು ನಂಬುತ್ತಾನೆ. ನನ್ನದೇ ಒಂದು ಬಡ ಉದಾಹರಣೆ ಕೊಡುತ್ತೇನೆ. ಮನೆಗೆ ಬಂದ ನೆಂಟ ಕೇಳುತ್ತಾನೆ: “ಹಾಲೆಲ್ಲಿ?” ಅಡುಗೆಯವನ ಉತ್ತರ: “ಒಲೆ ಮೇಲಿದೆ, ಉಕ್ಕದ ಹಾಗೆ ನೋಡ್ಕೊಳ್ಳಿ!” ಇದನ್ನು ತಮಿಳಿಗೆ ಒಯ್ಯಲಾರಿರಿ. ಅಲ್ಲಿ ಹಾಲು ‘ಪಾಲ್’ ಆಗುತ್ತದೆ, ನೆಂಟನ ಹಾಲ್ ಹಾಲ್ ಆಗಿಯೇ ಉಳಿಯುತ್ತದೆ. ನಾನು ಸಭಾದಲ್ಲಿ ತಡವಾಗಿ ನಕ್ಕದ್ದಕ್ಕೆ ಕಾರಣ ಇದೇ. ಆದರೆ ‘ಮೈಕೇಲ್ ಮದನ ಕಾಮರಾಜನ್’ (1990) ಸಿನಿಮಾದಲ್ಲಿ ಮದುವೆ ಮನೆಯ ಸಾಂಬಾರಿಗೆ ಮೀನು ಬಿದ್ದಾಗ ಯಾರಿಗೂ ನಿಘಂಟು ಬೇಕಿಲ್ಲ.

ಕಮಲ್ ಹಾಸನ್ ಜೊತೆಗಿನ ಈ ನಂಟಿನಲ್ಲಿ ನಮಗೂ ಪಾಲಿದೆ. ‘ಪಂಚತಂತಿರಂ’ (2002) ಚಿತ್ರದ ಐವರು ಗೆಳೆಯರಲ್ಲಿ ಕನ್ನಡದ ಹೆಗ್ಡೆಯಾಗಿ ಬಂದವರು ನಮ್ಮ ರಮೇಶ್ ಅರವಿಂದ್. ಮೋಹನ್ ಸಂಭಾಷಣೆ ಬರೆದ ‘ಸತಿ ಲೀಲಾವತಿ’ಯನ್ನು (1995) ರಮೇಶ್ ಅವರೇ 2005ರಲ್ಲಿ ‘ರಾಮ ಶಾಮ ಭಾಮ’ ಎಂದು ಕನ್ನಡಕ್ಕೆ ತಂದರು. ತಮಿಳಿನಲ್ಲಿ ಕೊಯಮತ್ತೂರು ಕಡೆಯ ಮಾತಾಡಿದ್ದ ಕಮಲ್, ಇಲ್ಲಿ ಹುಬ್ಬಳ್ಳಿ ಕನ್ನಡ ಮಾತಾಡಿದರು. ಪದಗಳನ್ನು ಅನುವಾದಿಸುವ ಬದಲು ಊರನ್ನೇ ಬದಲಾಯಿಸಿದರು. ನಗು ಗಡಿ ದಾಟುವ ದಾರಿ ಇದು.

ಮೋಹನ್ ವೆಣ್ಬಾ ಛಂದಸ್ಸಿನಲ್ಲಿ ಪದ್ಯಗಳನ್ನೂ ಬರೆಯುತ್ತಿದ್ದರು, ಚಿತ್ರಗಳನ್ನೂ ಬಿಡಿಸುತ್ತಿದ್ದರು. ವೆಣ್ಬಾದ ನಿಯಮ ಬಹಳ ಬಿಗಿ. ಅಳೆದು ತೂಗಿ ಪದ ಇಡುವ ಆ ಶಿಸ್ತೇ ಜೋಕಿಗೂ ಬೇಕು. ಒಂದು ಅಕ್ಷರ ಹೆಚ್ಚಾದರೂ ನಗು ಕೈತಪ್ಪುತ್ತದೆ ಎಂಬುದು ಮೈಕಿನ ಮುಂದೆ ಕೂರುವ ನನಗೆ ದಿನವೂ ಗೊತ್ತಾಗುತ್ತದೆ.

2019ರ ಜೂನ್ 10ರಂದು, 66ನೇ ವಯಸ್ಸಿನಲ್ಲಿ, ಹೃದಯಾಘಾತ ಅವರನ್ನು ಕರೆದೊಯ್ದಿತು. ಆ ಸಂಜೆ ನಮ್ಮ ಪಕ್ಕದ ಮನೆಯ ಮಾಮಿ ಅವರ ಹಳೆಯ ನಾಟಕವೊಂದನ್ನು ಹಾಕಿಕೊಂಡು ಕೂತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಾನೂ ಪಕ್ಕದಲ್ಲಿ ಕೂತೆ. ಈ ಬಾರಿ ಇಬ್ಬರೂ ಒಟ್ಟಿಗೇ ನಕ್ಕೆವು.

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ನಗುತ್ತಿರಿ!