ಶಿವನಸಮುದ್ರದ ಶಾಸನ ಯಾವ ಪುಸ್ತಕದಲ್ಲಿದೆ? ಫ್ರೀಯಾಗಿ ಓದೋದು ಹೇಗೆ? ಇಲ್ಲಿದೆ ಮಾಹಿತಿ

ಮಳವಳ್ಳಿ: ದೇವಸ್ಥಾನದ ಗೋಡೆ, ಕೆರೆ ಏರಿ, ಹೊಲದ ಬದು... ಹಳೇ ಅಕ್ಷರದ ಕಲ್ಲುಗಳು ನಮ್ಮ ಭಾಗಕ್ಕೆ ಹೊಸದಲ್ಲ. 'ನಿಧಿ ಇರೋ ಜಾಗ ಬರೆದವ್ರೆ' ಅಂತ ಕಲ್ಲು ಕೀಳೋರೂ ಇದ್ದಾರೆ. ಆದರೆ ಇಂಥ ಸಾವಿರಾರು ಕಲ್ಲುಗಳನ್ನು ನೂರು ವರ್ಷಕ್ಕೂ ಹಿಂದೆಯೇ ಓದಿ, ಅಚ್ಚು ಹಾಕಿ ಆಗಿದೆ. ಬಹುತೇಕ ಕಲ್ಲುಗಳಲ್ಲಿ ಇರೋದು ನಿಧಿ ಅಲ್ಲ. ಭೂಮಿ ದಾನ, ಕೆರೆ ಕಟ್ಟಿಸಿದ್ದು, ಯುದ್ಧದಲ್ಲಿ ಸತ್ತವರ ಹೆಸರು.

ಯಾವುದು ಆ ಪುಸ್ತಕ?

ಹೆಸರು 'ಎಪಿಗ್ರಾಫಿಯಾ ಕರ್ನಾಟಿಕಾ'. ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷ್ ಅಧಿಕಾರಿ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರಿನ ಶಾಸನ ಸಂಗ್ರಹಿಸಿ, ಸುಮಾರು 9 ಸಾವಿರ ಶಾಸನಗಳನ್ನು 12 ಸಂಪುಟಗಳಲ್ಲಿ ಪ್ರಕಟಿಸಿದರು. ಮಂಡ್ಯ, ಮಳವಳ್ಳಿ ತಾಲ್ಲೂಕಿನ ಶಾಸನಗಳು ಇರೋದು 1894ರಲ್ಲಿ ಬಂದ 3ನೇ ಸಂಪುಟದಲ್ಲಿ. ಕನ್ನಡ ಲಿಪಿಯಲ್ಲಿ ಮೂಲ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ ಎರಡೂ ಇವೆ.

ಉದಾಹರಣೆಗೆ ಮದ್ದೂರು ತಾಲ್ಲೂಕಿನ ಆತಗೂರು (ಆತಕೂರು) ಶಾಸನ. ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರು ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ 'ಏನು ಬೇಕು ಕೇಳು' ಅಂದಾಗ ಆತ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿ. ಆ ನಾಯಿ ಕಾಡುಹಂದಿ ಜೊತೆ ಸೆಣಸಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಡಲಾಯಿತು. ಕಲ್ಲು ಬೆಂಗಳೂರು ಸೇರಿದರೂ ಅದರ ಪಾಠ ಆತಗೂರಿನವರು ಮನೆಯಲ್ಲೇ ಕೂತು ಓದಬಹುದು.

ಫ್ರೀ ಹೇಗೆ?

ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತೆ. ರೈಸ್ ತೀರಿಕೊಂಡಿದ್ದು 1927ರಲ್ಲಿ. ಹಾಗಾಗಿ ಈ ಪುಸ್ತಕ ಓದೋದಷ್ಟೇ ಅಲ್ಲ, ಪ್ರಿಂಟ್ ಹಾಕಿ ದೇವಸ್ಥಾನದ ಮುಂದೆಯೋ ಹೋಟೆಲ್ ಗೋಡೆ ಮೇಲೋ ಹಾಕಿದರೂ ಯಾರೂ ಕೇಳಂಗಿಲ್ಲ.

ಹೊಸ ಸಂಶೋಧನೆಯ ಕಥೆ ಬೇರೆ. ಅನೇಕ ಪತ್ರಿಕೆಗಳಲ್ಲಿ ಒಂದು ಲೇಖನ ಓದಲಿಕ್ಕೂ ದುಡ್ಡು ಕೊಡಬೇಕು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ದೇಶ ಒಂದು ಚಂದಾ' ಯೋಜನೆಗೆ 3 ವರ್ಷಕ್ಕೆ 6,000 ಕೋಟಿ ರೂ. ಒಪ್ಪಿಗೆ ಕೊಟ್ಟಿತು. ಸುಮಾರು 13 ಸಾವಿರ ಪತ್ರಿಕೆ ಇದರಲ್ಲಿವೆ. ಆದರೆ ಇದು ಸರ್ಕಾರಿ ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ವಿದ್ಯಾರ್ಥಿ, ಅಧ್ಯಾಪಕರಿಗೆ ಮಾತ್ರ. ಅಂಗಡಿ ಇಟ್ಟುಕೊಂಡವರಿಗೆ, ಕಾಲೇಜು ಬಿಟ್ಟವರಿಗೆ ಇಲ್ಲ. ಯಾರು ಬೇಕಾದರೂ ಓದುವಂತೆ ಲೇಖನ ಬಿಟ್ಟುಕೊಡೋದಕ್ಕೆ 'ಮುಕ್ತ ಲಭ್ಯತೆ' (ಓಪನ್ ಆಕ್ಸೆಸ್) ಅಂತಾರೆ. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ.

ಶಿವನಸಮುದ್ರಕ್ಕೆ ಬೇರೆ ಲೆಕ್ಕ

ಗಗನಚುಕ್ಕಿ ನೋಡೋ ಜಾಗ, ಬ್ಲಫ್ ನಮ್ಮ ಮಳವಳ್ಳಿ ಕಡೆಗೆ. ರಂಗನಾಥಸ್ವಾಮಿ, ಸೋಮೇಶ್ವರ ದೇವಸ್ಥಾನ ಇರೋ ದ್ವೀಪ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು. ಕೊಳ್ಳೇಗಾಲ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರೈಸ್ ಬರೆದದ್ದು ಮೈಸೂರು ಸಂಸ್ಥಾನಕ್ಕೆ. ಹಾಗಾಗಿ ದ್ವೀಪದ ಶಾಸನ ಹುಡುಕೋರು 1894ರ ಪುಸ್ತಕ ಎಷ್ಟು ತಿರುವಿದರೂ ಪ್ರಯೋಜನವಿಲ್ಲ.

ಕೊಳ್ಳೇಗಾಲದ ಶಾಸನಗಳು ಇರೋದು ಮೈಸೂರು ವಿವಿ ಹೊರತಂದ ಪರಿಷ್ಕೃತ ಆವೃತ್ತಿಯ 4ನೇ ಸಂಪುಟದಲ್ಲಿ (1975). ಮಳವಳ್ಳಿ, ಮದ್ದೂರು, ಮಂಡ್ಯ, ನಾಗಮಂಗಲದ್ದು 7ನೇ ಸಂಪುಟದಲ್ಲಿ (1979). ಇವುಗಳ ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ. ಅಂದ್ರೆ ನದಿಯ ಈ ದಡದ ಶಾಸನ ಎಲ್ಲರ ಸ್ವತ್ತು, ಆ ದಡದ್ದರ ಪುಸ್ತಕ ಇನ್ನೂ ಹಾಗಲ್ಲ. ಜನರ ತೆರಿಗೆ ದುಡ್ಡಲ್ಲೇ ಆದ ಕೆಲಸ ಇದು. ಇದನ್ನೂ ಮುಕ್ತವಾಗಿ ಬಿಟ್ಟರೆ ಮೊದಲ ಲಾಭ ಆಗೋದು ಆ ಕಲ್ಲುಗಳ ಪಕ್ಕದಲ್ಲೇ ಬದುಕೋರಿಗೆ.

ಹುಡುಕೋದು ಹೀಗೆ

* 'ಇಂಟರ್ನೆಟ್ ಆರ್ಕೈವ್' (ಆರ್ಕೈವ್ ಡಾಟ್ ಆರ್ಗ್) ತೆರೆಯಿರಿ. ನೋಂದಣಿ, ಶುಲ್ಕ ಬೇಡ.
* 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಕರ್ನಾಟಿಕಾಗೆ 'ಕೆ' ಅಲ್ಲ, 'ಸಿ' ಅಕ್ಷರ ಹಾಕಿ.
* 3ನೇ ಸಂಪುಟದಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಆಗಿನ ತಾಲ್ಲೂಕು ಬೇರೆ. ಆತಗೂರು ಶಾಸನ ಮಂಡ್ಯದ 41ನೇ ನಂಬರ್.
* ಬರೀ 'ಮಳವಳ್ಳಿ ಶಾಸನ' ಅಂತ ಹುಡುಕಿದರೆ ಕದಂಬರ ಕಾಲದ ಪ್ರಸಿದ್ಧ ಕಂಬದ ಶಾಸನ ಸಿಗಬಹುದು. ಅದು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿ, ನಮ್ಮದಲ್ಲ.
* ನಿಮ್ಮೂರ ಕಲ್ಲು ಪುಸ್ತಕದಲ್ಲಿ ಇಲ್ಲ ಅನ್ನಿಸಿದರೆ ಅದಕ್ಕೆ ಬಣ್ಣ, ಎಣ್ಣೆ ಹಚ್ಚಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಫೋಟೊ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತೆ. ಆ ಫೋಟೊ ಜೊತೆ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.