ಇನುಯಿಟರ ಹೆಸರು, ನೆಲ ಮತ್ತು ನುಡಿ

ನಮ್ಮ ಬಾಲ್ಯದ ಭೂಗೋಳ ಪಾಠಗಳಲ್ಲಿ ‘ಎಸ್ಕಿಮೋ’ ಎಂದು ವರ್ಣಿತರಾದ ಜನರಲ್ಲಿ ಬಹುಮಂದಿ ಆ ಹೆಸರನ್ನು ಒಪ್ಪುವುದಿಲ್ಲ. ಅದು ಪರರು ಇಟ್ಟ ಹೆಸರು. ತಮ್ಮ ನುಡಿಯಲ್ಲಿ ಅವರು ‘ಇನುಯಿಟ್’, ಎಂದರೆ ‘ಜನರು’. ಗ್ರೀನ್‌ಲೆಂಡ್, ಕೆನಡಾ, ಅಲಾಸ್ಕಗಳ ಹಿಮಪ್ರದೇಶವೇ ಇವರ ತಾಯ್ನೆಲ. ಇವರಲ್ಲಿ ಕೆನಡಾದಲ್ಲಿರುವವರು 2021ರ ಜನಗಣತಿಯಂತೆ ಸುಮಾರು 70,000 ಮಂದಿ. ಈ ಸಣ್ಣ ಸಮುದಾಯವು ಪರರ ಆಡಳಿತದಲ್ಲಿ ಕಳೆದುಕೊಂಡುದೇನು, ಮರಳಿ ಪಡೆದುದೇನು, ಇನ್ನೂ ಪಡೆಯಬೇಕಾದುದೇನು ಎಂಬುದನ್ನು ಸಂಗ್ರಹವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ತೀರಿಕೊಂಡ ಬಂಧುವಿನ ಹೆಸರನ್ನು ಹುಟ್ಟಿದ ಮಗುವಿಗೆ ಇಡುವುದು ಇನುಯಿಟರ ಸಂಪ್ರದಾಯ. ಹೆಸರಿನೊಡನೆ ಸಂಬಂಧವೂ ಮಗುವಿಗೆ ಬರುತ್ತದೆ. ಅಜ್ಜಿಯ ಹೆಸರು ಹೊತ್ತ ಮಗುವನ್ನು ಹೆತ್ತ ತಾಯಿಯೇ ‘ಅಮ್ಮಾ’ ಎಂದು ಕರೆಯುವುದುಂಟು. ಕುಲನಾಮವೆಂಬುದು ಅವರಲ್ಲಿರಲಿಲ್ಲ. ಇದು ಸರಕಾರದ ದಾಖಲೆಗಳಿಗೆ ತೊಡಕೆನಿಸಿತು. 1941ರಿಂದ ಮೊದಲ್ಗೊಂಡು ಒಬ್ಬೊಬ್ಬರಿಗೂ ಅಂಕಿಯನ್ನು ಅಚ್ಚೊತ್ತಿದ ಸಣ್ಣ ಬಿಲ್ಲೆಯೊಂದನ್ನು ಕೊಡಲಾಯಿತು. ಸುಮಾರು ಮೂರು ದಶಕಗಳ ಕಾಲ ಕಾಗದಪತ್ರಗಳಲ್ಲಿ ಮನುಷ್ಯನ ಗುರುತಾಗಿ ನಡೆದುದು ಆ ಅಂಕಿಯೇ. 1960ರ ದಶಕದ ಕೊನೆಯಲ್ಲಿ ಏಬ್ ಒಕ್ಪಿಕ್ ಎಂಬ ಇನುಯಿಟ್ ಮುಖಂಡರು ಊರೂರು ಸಂಚರಿಸಿ ಕುಲನಾಮಗಳನ್ನು ದಾಖಲಿಸಿದ ಮೇಲೆ ಬಿಲ್ಲೆಯ ಪದ್ಧತಿಯು ಕೊನೆಗೊಂಡಿತು.

ನೆಲದ ಕಥೆಯು ಇನ್ನೂ ಕಠಿನವಾದುದು. 1953 ಮತ್ತು 1955ರಲ್ಲಿ ಸರಕಾರವು ಕ್ವಿಬೆಕ್ ಪ್ರಾಂತದ ಇನುಕ್ಜುವಾಕ್ ಎಂಬಲ್ಲಿಂದ ಹಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರು ಉತ್ತರಕ್ಕೆ, ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್ ಎಂಬ ತಾಣಗಳಿಗೆ ಸಾಗಿಸಿತು. ಅಲ್ಲಿ ಚಳಿಗಾಲದ ಕೆಲವು ತಿಂಗಳು ಸೂರ್ಯನು ಉದಯಿಸುವುದೇ ಇಲ್ಲ. ಇಷ್ಟವಿಲ್ಲದವರು ಎರಡು ವರ್ಷಗಳ ತರುವಾಯ ಮರಳಬಹುದೆಂದು ಕೊಟ್ಟಿದ್ದ ಮಾತು ನಡೆಯಲಿಲ್ಲ. ಈ ಅನ್ಯಾಯಕ್ಕಾಗಿ ಸರಕಾರವು ಕ್ಷಮೆ ಯಾಚಿಸಿದುದು 2010ರಲ್ಲಿ. ಅದೇ ಕಾಲದಲ್ಲಿ ಕ್ಷಯರೋಗಿಗಳನ್ನು ಹಡಗಿನಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ಯುತ್ತಿದ್ದರು. ಅಲ್ಲಿ ಮಡಿದ ಅನೇಕರ ಸಮಾಧಿ ಎಲ್ಲಿದೆಯೆಂಬುದು ಮನೆಯವರಿಗೆ ತಿಳಿಯದೆಯೇ ಹೋಯಿತು. ಇದಕ್ಕಾಗಿ ಕ್ಷಮಾಯಾಚನೆಯಾದುದು 2019ರಲ್ಲಿ. ಸಮಾಧಿಗಳನ್ನು ಹುಡುಕಿಕೊಡುವ ಕಾರ್ಯವೂ ಆರಂಭವಾಯಿತು.

ಇನುಯಿಟರು ಕ್ಷಮೆಯನ್ನು ಕಾಯುತ್ತ ಸುಮ್ಮನೆ ಕುಳಿತವರಲ್ಲ. 1971ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಮೂಲನಿವಾಸಿಗಳಿಗೆ ಪೂರ್ವಾರ್ಜಿತ ಭೂಮಿಯ ಹಕ್ಕುಂಟೆಂಬ ತತ್ತ್ವವನ್ನು 1973ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಮನ್ನಿಸಿತು. ಆದರೆ ಬರೆದಿಟ್ಟ ಪತ್ರಗಳಿಲ್ಲದ ಬೇಟೆಗಾರರು ನೆಲವು ತಮ್ಮದೆಂದು ಸಾಧಿಸುವುದೆಂತು? ಅವರು ತಾವು ನಡೆದ ದಾರಿ, ಬೇಟೆಯಾಡಿದ ಬಯಲು, ಮೀನು ಹಿಡಿದ ನೀರು, ಬೀಡುಬಿಟ್ಟ ತಾಣ ಇವೆಲ್ಲವನ್ನೂ ಭೂಪಟದ ಮೇಲೆ ಗುರುತಿಸಿಕೊಟ್ಟರು. 1976ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಆ ಸಮೀಕ್ಷೆಯು ಸಂಧಾನಕ್ಕೆ ಬಲವಾದ ಆಧಾರವಾಯಿತು. 1993ರಲ್ಲಿ ಒಪ್ಪಂದಕ್ಕೆ ಸಹಿಯಾಗಿ, 1999ರ ಏಪ್ರಿಲ್ 1ರಂದು ‘ನುನಾವುತ್’, ಎಂದರೆ ‘ನಮ್ಮ ನಾಡು’, ಉದಯಿಸಿತು. ಇದರ ವಿಸ್ತಾರ ಕೆನಡಾದ ಐದನೆಯ ಒಂದು ಭಾಗ. ಅದರಲ್ಲಿ ಸುಮಾರು 3,50,000 ಚದರ ಕಿಲೋಮೀಟರು ಇನುಯಿಟರ ಸ್ವಂತ ಒಡೆತನಕ್ಕೆ ಬಂದಿತು. ಪ್ರತಿಯಾಗಿ ನೆಲದ ಮೇಲಿನ ಪೂರ್ವಾರ್ಜಿತ ಹಕ್ಕನ್ನು ಅವರು ಬಿಟ್ಟುಕೊಡಬೇಕಾಯಿತು.

ಒಪ್ಪಂದವಾದ ಮಾತ್ರಕ್ಕೆ ಹಕ್ಕು ಕೈಸೇರದು. ಸರಕಾರವು ಷರತ್ತುಗಳನ್ನು ಪಾಲಿಸಲಿಲ್ಲವೆಂದು 2006ರಲ್ಲಿ ಇನುಯಿಟರ ಸಂಸ್ಥೆಯು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2015ರಲ್ಲಿ ಆದ ರಾಜಿಯಿಂದ 25 ಕೋಟಿ ಡಾಲರಿಗೂ ಮಿಕ್ಕ ಪರಿಹಾರವು ದೊರಕಿತು.

ಕೊನೆಯದಾಗಿ ನುಡಿಯ ವಿಚಾರ. ಹಿಂದೆ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ವಸತಿಶಾಲೆಗಳಲ್ಲಿರಿಸಿ, ತಾಯ್ನುಡಿಯಾಡಿದರೆ ದಂಡಿಸುತ್ತಿದ್ದರು. ಆ ಶಾಲೆಗಳ ಪದ್ಧತಿಗಾಗಿ ಸರಕಾರವು 2008ರಲ್ಲಿ ಕ್ಷಮೆ ಕೇಳಿತು. ಅದೇ ವರ್ಷ ನುನಾವುತ್‌ನ ಶಾಸನಸಭೆಯು ಮಕ್ಕಳಿಗೆ ‘ಇನುಕ್ತುತ್’ ನುಡಿಯಲ್ಲಿ ಶಿಕ್ಷಣ ಪಡೆಯುವ ಹಕ್ಕನ್ನು ಶಾಸನದಿಂದ ಸ್ಥಾಪಿಸಿತು. ಎಲ್ಲ ತರಗತಿಗಳಿಗೂ ಅದನ್ನು ವಿಸ್ತರಿಸಲು ಸುಮಾರು ಹತ್ತು ವರ್ಷಗಳ ಅವಧಿಯನ್ನು ಗೊತ್ತುಮಾಡಿತ್ತು. ಆದರೆ ಆ ನುಡಿಯಲ್ಲಿ ಕಲಿಸಬಲ್ಲ ಉಪಾಧ್ಯಾಯರು ಸಾಕಷ್ಟು ಸಿದ್ಧರಾಗಲಿಲ್ಲ. 2020ರಲ್ಲಿ ಗಡುವನ್ನು 2039ರವರೆಗೆ ಮುಂದೂಡಲಾಯಿತು. ಇದನ್ನು ಪ್ರಶ್ನಿಸಿ ಇನುಯಿಟರ ಸಂಸ್ಥೆಯು 2021ರಲ್ಲಿ ದಾವೆ ಹೂಡಿತು. ವಿಶೇಷವೆಂದರೆ, ಈ ಬಾರಿ ಎದುರಾಳಿಯಾದುದು ತಾವೇ ಹೋರಾಡಿ ಪಡೆದ ನಾಡಿನ ಸರಕಾರ!

ಅನ್ಯಭಾಷಾ ಪ್ರಾಂತದಲ್ಲಿ ತಾಯ್ನುಡಿಯ ಶಾಲೆಯನ್ನು ನಡೆಸಿಕೊಂಡು ಬಂದಿರುವ ನಮ್ಮ ವಾಚಕರಿಗೆ ಉಪಾಧ್ಯಾಯರ ಕೊರತೆಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನುಯಿಟರು ಅನುಭವಿಸಿದ ಕಷ್ಟಗಳು ಬೇರೆ ತೆರನಾದುವು. ನಮ್ಮವಕ್ಕೆ ಅವನ್ನು ಹೋಲಿಸಲಾಗದು. ಆದರೂ ಅವರ ಅನುಭವದಲ್ಲಿ ಎಲ್ಲರಿಗೂ ಸಲ್ಲುವ ಒಂದು ಮಾತುಂಟು. ಕ್ಷಮೆಯನ್ನು ಒಂದು ದಿನದಲ್ಲಿ ಕೇಳಬಹುದು. ಶಾಸನವನ್ನು ಒಂದು ಅಧಿವೇಶನದಲ್ಲಿ ಮಾಡಬಹುದು. ತಾಯ್ನುಡಿಯಲ್ಲಿ ಕಲಿಸುವ ಉಪಾಧ್ಯಾಯರನ್ನು ಸಿದ್ಧಪಡಿಸಲು ಮಾತ್ರ ಒಂದು ತಲೆಮಾರೇ ಬೇಕು. ಆ ಕಾರ್ಯಕ್ಕೆ ಬೇಕಾದ ಹಣವನ್ನೂ ಶ್ರದ್ಧೆಯನ್ನೂ ಒದಗಿಸಿದ ದಿನವೇ ಇನುಯಿಟರ ಹಕ್ಕು ಕಾಗದದಿಂದ ಬಾಳಿಗೆ ಇಳಿದೀತು.