ಮಕ್ಕಳ ಒಲವಿಗೆ ತರಗತಿಯಲ್ಲಿ ಐದು ನಿಮಿಷ



ಕಾಲೇಜನ್ನು ಸೇರುವುದಕ್ಕೆ ಮುಂಚೆ ನಾನು ಕೆಲವು ಕಾಲ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನು. ಒಂದು ದಿನ ಲೆಕ್ಕದ ಪಾಠ ನಡೆಯುತ್ತಿರುವಾಗ ಹಿಂದಿನ ಸಾಲಿನ ಹುಡುಗನೊಬ್ಬನ ಬೆಂಕಿಪೊಟ್ಟಣದಿಂದ ಪರಪರನೆ ಸದ್ದು ಬಂದಿತು. ತೆರೆದು ನೋಡಿದರೆ, ಜಾಲಿಯ ಸೊಪ್ಪಿನ ನಡುವೆ ಥಳಥಳಿಸುವ ಒಂದು ಜೀರ್ಜಿಂಬೆ! ನಾನು ಅದನ್ನು ಕಿಟಕಿಯಾಚೆಗೆ ಬಿಟ್ಟು, ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಪಾಠವನ್ನು ಮುಂದುವರಿಸಿದೆನು. ಅದು ಏನನ್ನು ತಿನ್ನುವುದು, ಎಂತಹ ಮೊಟ್ಟೆಯನ್ನಿಡುವುದು ಎಂಬುದನ್ನು ಆ ಕೊಠಡಿಯಲ್ಲಿ ಬಲ್ಲವನು ಅವನೊಬ್ಬನೇ, ನಾನೂ ಅರಿಯದವನೇ. ಆ ವರ್ಷವೆಲ್ಲ ಅವನು ಕೇಳಿದುದಕ್ಕೆ ಉತ್ತರ ಕೊಟ್ಟನೇ ಹೊರತು ತಾನಾಗಿ ಒಂದು ಮಾತನ್ನೂ ಆಡಲಿಲ್ಲ. ಶಿಸ್ತನ್ನು ಕಾಪಾಡಿದೆನೆಂದು ಅಂದು ಹೆಮ್ಮೆಪಟ್ಟೆನು. ಇಂದು ಹಾಗೆನ್ನಲು ನನಗೆ ಧೈರ್ಯವಿಲ್ಲ.

ನಮ್ಮ ತರಗತಿಗಳ ಏರ್ಪಾಡೇ ಮಕ್ಕಳು ಕುಳಿತು ಕೇಳುವುದಕ್ಕಾಗಿ ಆಗಿದೆ. ಅಮೆರಿಕೆಯ ತತ್ತ್ವಜ್ಞನಾದ ಜಾನ್ ಡ್ಯೂಯಿ, 1899ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ, ಶಾಲೆಗಾಗಿ ಮೇಜುಗಳನ್ನು ಹುಡುಕಿಕೊಂಡು ಅಂಗಡಿಗಳನ್ನು ಸುತ್ತಿದ ಪ್ರಸಂಗವನ್ನು ಹೇಳುತ್ತಾನೆ. ಮಕ್ಕಳು ಕೆಲಸ ಮಾಡಲು ಒಪ್ಪುವ ಮೇಜು ದೊರೆಯಲಿಲ್ಲ. ತನ್ನಲ್ಲಿರುವುವೆಲ್ಲ ಕೇಳುವುದಕ್ಕಾಗಿಯೇ ಮಾಡಿದುವೆಂದು ವ್ಯಾಪಾರಿಯೊಬ್ಬನು ಒಪ್ಪಿಕೊಂಡನಂತೆ.

ಹಿರಿಯರೊಬ್ಬರು ಸ್ವಲ್ಪ ಹೊತ್ತು ಕಿವಿಗೊಟ್ಟರೆ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವುಂಟು. 1896ರಲ್ಲಿ ಹುಟ್ಟಿದ ಸಾಲಿಂ ಅಲಿಯವರು ಬಾಲಕರಾಗಿದ್ದಾಗ, ಕತ್ತಿನಲ್ಲಿ ಹಳದಿಯ ಗುರುತುಳ್ಳ ಗುಬ್ಬಚ್ಚಿಯೊಂದನ್ನು ಹೊಡೆದು, ಅದು ಯಾವ ಹಕ್ಕಿಯೆಂದು ತಿಳಿಯಲು ಬೊಂಬಾಯಿಯ ನಿಸರ್ಗೇತಿಹಾಸ ಸಂಘಕ್ಕೆ ಅಳುಕುತ್ತಲೇ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಅವರು ಹುಡುಗನನ್ನು ಗದರಿಸಿ ಕಳುಹಿಸಲಿಲ್ಲ. ಹಕ್ಕಿಯ ಹೆಸರನ್ನು ಹೇಳಿ, ಸಂಘದ ಸಂಗ್ರಹವನ್ನೆಲ್ಲ ತೋರಿಸಿದರು. ಆ ಹುಡುಗನೇ ಮುಂದೆ ಭಾರತದ ಹೆಸರಾಂತ ಪಕ್ಷಿಶಾಸ್ತ್ರಜ್ಞನಾಗಿ, 1939-40ರಲ್ಲಿ ನಮ್ಮ ಮೈಸೂರು ಸೀಮೆಯ ಹಕ್ಕಿಗಳನ್ನೂ ಪರಿಶೀಲಿಸಿದನು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲಿಯೂ ಆ ಗುಬ್ಬಚ್ಚಿಯಿದೆ.

ಹಾಗಾದರೆ ಉಪಾಧ್ಯಾಯರು ಮಾಡಬೇಕಾದುದೇನು? ದಿನಕ್ಕೆ ಐದು ನಿಮಿಷವನ್ನು ಒಂದು ಮಗುವಿಗೆ ಬಿಟ್ಟುಕೊಡಲಿ. ವಾರಕ್ಕೆ ಐದು ದಿನವಾದರೆ, 40 ಮಕ್ಕಳ ತರಗತಿಯಲ್ಲಿ ಎಂಟು ವಾರಗಳಿಗೆ ಎಲ್ಲರ ಸರದಿಯೂ ಬರುವುದು. ಮಗು ತನಗೆ ಪ್ರಿಯವಾದುದನ್ನು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೇಳಲಿ. ಆ ಹೊತ್ತಿನಲ್ಲಿ ವ್ಯಾಕರಣವನ್ನು ತಿದ್ದುವುದಾಗಲಿ ಅಂಕ ಕೊಡುವುದಾಗಲಿ ಬೇಡ. ಉಪಾಧ್ಯಾಯರು ತಮಗೆ ನಿಜವಾಗಿ ತಿಳಿಯದ ಒಂದು ಪ್ರಶ್ನೆಯನ್ನು ಕೇಳಲಿ; ಉತ್ತರ ಗೊತ್ತಿದ್ದು ಕೇಳುವ ಪ್ರಶ್ನೆಯು ಪರೀಕ್ಷೆಯೆಂಬುದನ್ನು ಮಕ್ಕಳು ಥಟ್ಟನೆ ಕಂಡುಹಿಡಿಯುವರು.

ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಇದು ಕೊಂಡುತಂದ ವಸ್ತುಗಳ ಪ್ರದರ್ಶನವಾಗಬಾರದು. ಹಾಗಾದರೆ ಬಡವರ ಮಗು ಬರಿಗೈಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗುವುದು. ಆಡಿನ ಮರಿಯನ್ನು ಸಾಕುವ ಬಗೆ, ಗಾಳಿಪಟಕ್ಕೆ ಬಾಲ ಕಟ್ಟುವ ಬಗೆ, ಅಜ್ಜಿ ಇಡುವ ರಂಗೋಲಿಯ ಚುಕ್ಕಿಗಳ ಲೆಕ್ಕ, ಇವು ಬೆಲೆಯುಳ್ಳ ಆಟಿಗೆಗಳಿಗಿಂತ ಕಡಮೆಯಲ್ಲ. ಎರಡನೆಯದಾಗಿ, ಸಂಕೋಚದ ಮಗುವನ್ನು ಬಲಾತ್ಕರಿಸಬಾರದು. ಅದು ಚಿತ್ರ ಬರೆದು ತೋರಿಸಲಿ. ಗೆಳೆಯನೊಬ್ಬನೊಡನೆ ನಿಂತು ಮಾತನಾಡಲಿ. ಅಥವಾ ಇನ್ನೂ ಒಂದು ತಿಂಗಳು ಸುಮ್ಮನೆ ಕೇಳುತ್ತಿರಲಿ.

ಪಾಠಪಟ್ಟಿ ಮುಗಿಯುವುದು ಹೇಗೆಂದು ಕೆಲವರು ಕೇಳಬಹುದು. ತನ್ನ ಮಾತಿಗೆ ಬೆಲೆಯುಂಟೆಂದು ಕಂಡುಕೊಂಡ ಮಗು ಪರರ ಮಾತಿಗೂ ಕಿವಿಗೊಡುವುದು. ಆ ಐದು ನಿಮಿಷಗಳು ಉಳಿದ ಗಂಟೆಗಳಿಗೆ ಸಹಾಯವೇ ಆಗುವುವು.

ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆನು. ನನ್ನ ಮಾತನ್ನು ಕೇಳುತ್ತಿರುವ ಉಪಾಧ್ಯಾಯ ಮಿತ್ರರಲ್ಲಿ ಬಿನ್ನಹವಿಷ್ಟೆ: ನಾಳೆ ನಿಮ್ಮ ತರಗತಿಯಲ್ಲಿ ಯಾವುದಾದರೂ ಬೆಂಕಿಪೊಟ್ಟಣವು ಸದ್ದುಮಾಡಿದರೆ, ಮೊದಲು, "ಏನಪ್ಪಾ ಅದು, ನಮಗೂ ತೋರಿಸು" ಎನ್ನಿರಿ.